ಬಟನ್ ಒತ್ತಿದರೂ ಏಳದ ಹೊಸ ಕಂಪ್ಯೂಟರ್: ದೋಷ ಹುಡುಕುವ ಕ್ರಮ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಹೋಗಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ, ಇಂಟೆಲ್‌ನ ಎಂಟನೆಯ ಪೀಳಿಗೆಯ ಅಥವಾ ಅದಕ್ಕೆ ಸರಿಸಾಟಿಯಾದ ಪ್ರೊಸೆಸರೂ ಇರಬೇಕಾದ್ದರಿಂದ, ಚೆನ್ನಾಗಿಯೇ ನಡೆಯುತ್ತಿದ್ದ ಎಷ್ಟೋ ಹಳೆಯ ಡೆಸ್ಕ್‌ಟಾಪ್‌ಗಳು ಮೂಲೆ ಸೇರುವ ಹಂತಕ್ಕೆ ಬಂದವು. ಸಿದ್ಧ ಕಂಪ್ಯೂಟರ್ ಕೊಳ್ಳುವ ಬದಲು ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಜೋಡಿಸಿಕೊಳ್ಳುವವರಲ್ಲಿ ಈಗ ಮೊದಲ ಸಲ ಸ್ಕ್ರೂಡ್ರೈವರ್ ಹಿಡಿಯುತ್ತಿರುವವರೂ ಸೇರಿದ್ದಾರೆ. ಅವರಿಗೆ ಎದುರಾಗುವ ಅತಿ ದೊಡ್ಡ ಗಾಬರಿಯೆಂದರೆ, ಎಲ್ಲವನ್ನೂ ಜೋಡಿಸಿ, ಮುಚ್ಚಳ ಹಾಕಿ ಬಟನ್ ಒತ್ತಿದಾಗ ಏನೂ ಆಗದಿರುವುದು.

ಇಂಥ ಸಂದರ್ಭದಲ್ಲಿ ಮನಸ್ಸು ಮೊದಲು ಹೋಗುವುದು "ಮದರ್‌ಬೋರ್ಡ್ ಸುಟ್ಟಿರಬೇಕು" ಎಂಬ ಕಡೆಗೆ. ಆದರೆ ಈಗಷ್ಟೇ ಜೋಡಿಸಿದ ಯಂತ್ರದಲ್ಲಿ ದೋಷವು ಬಿಡಿಭಾಗಕ್ಕಿಂತ ಹೆಚ್ಚಾಗಿ ಜೋಡಣೆಯಲ್ಲೇ ಇರುತ್ತದೆ: ಪೂರ್ತಿ ಒಳಗೆ ಕೂರದ ಕೇಬಲ್, ಅದಲುಬದಲಾದ ಕನೆಕ್ಟರ್, ಎಲ್ಲೋ ತಾಗುತ್ತಿರುವ ಲೋಹ. ಕಂಪ್ಯೂಟರ್ ಆನ್ ಆಗುವುದು ಒಂದಾದ ಮೇಲೊಂದು ನಡೆಯುವ ಕೆಲವೇ ಹಂತಗಳ ಸರಪಳಿಯಾಗಿದ್ದು, ಆ ಸರಪಳಿ ಎಲ್ಲಿ ತುಂಡಾಗಿದೆಯೆಂದು ತಿಳಿದರೆ ಹುಡುಕಬೇಕಾದ ಜಾಗ ತಾನಾಗಿಯೇ ಕಿರಿದಾಗುತ್ತದೆ.

ಮೊದಲು ಲಕ್ಷಣವನ್ನು ಗಮನಿಸಿ

ಬಟನ್ ಒತ್ತಿದ ಮೇಲೆ ಕಾಣುವ ಲಕ್ಷಣಗಳನ್ನು ಒಂದರೊಡನೊಂದು ಬೆರೆಸಬಾರದು. ಯಾವ ಫ್ಯಾನೂ ಅಲುಗದೆ, ಯಾವ ದೀಪವೂ ಹೊತ್ತದೆ ಯಂತ್ರ ಪೂರ್ತಿ ನಿಶ್ಶಬ್ದವಾಗಿದ್ದರೆ, ವಿದ್ಯುತ್ತು ಬರುವ ದಾರಿಯಲ್ಲೋ ಬಟನ್‌ನಿಂದ ಹೊರಡುವ ಸೂಚನೆಯಲ್ಲೋ ತೊಂದರೆಯಿದೆ. ಫ್ಯಾನುಗಳು ಅರೆಕ್ಷಣ ಅಲುಗಿ ಥಟ್ಟನೆ ನಿಂತರೆ, ವಿದ್ಯುತ್ತು ಬಂದಿದೆ. ಆದರೆ ಯಾವುದೋ ಅಪಾಯವನ್ನು ಕಂಡು ರಕ್ಷಣಾ ವ್ಯವಸ್ಥೆ ಅದನ್ನು ಕಡಿದುಹಾಕಿದೆ. ಫ್ಯಾನುಗಳು ಸರಾಗವಾಗಿ ತಿರುಗುತ್ತಲೇ ಇದ್ದು ಪರದೆ ಮಾತ್ರ ಕಪ್ಪಾಗಿದ್ದರೆ, ಅದನ್ನು ವಿದ್ಯುತ್ತಿನ ಸಮಸ್ಯೆಯೆಂದು ಕರೆಯುವುದೇ ಸರಿಯಲ್ಲ. ಅಲ್ಲಿ ಪ್ರೊಸೆಸರ್, ರ್ಯಾಮ್ ಅಥವಾ ಗ್ರಾಫಿಕ್ಸ್ ಕಾರ್ಡ್ ಯಾವುದೋ ಒಂದು ಹಂತದಲ್ಲಿ ಸಿಕ್ಕಿಕೊಂಡಿದೆ.

ಈ ಮೂರೂ ಅಲ್ಲದ ಇನ್ನೊಂದು ವಿಚಿತ್ರ ಲಕ್ಷಣವೂ ಉಂಟು. ಯಂತ್ರ ಸರಿಯಾಗಿ ಆನ್ ಆಗಿ, ಸುಮಾರು ನಾಲ್ಕೈದು ಸೆಕೆಂಡುಗಳಾದ ಮೇಲೆ ಪ್ರತಿ ಸಲವೂ ತಾನಾಗಿಯೇ ಆರಿಹೋಗುತ್ತದೆ. ಪವರ್ ಬಟನ್ನನ್ನು ನಾಲ್ಕು ಸೆಕೆಂಡಿನಷ್ಟು ಹೊತ್ತು ಒತ್ತಿ ಹಿಡಿದರೆ ಯಂತ್ರ ಬಲವಂತವಾಗಿ ಆಫ್ ಆಗಬೇಕೆಂಬುದು ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ಇರುವ ಏರ್ಪಾಡು. ಕ್ಯಾಬಿನೆಟ್ಟಿನ ಬಟನ್ ಒತ್ತಿದ ಸ್ಥಿತಿಯಲ್ಲೇ ಒಳಗೆ ಸಿಕ್ಕಿಕೊಂಡಿದ್ದರೆ, ಯಾರೋ ಬೆರಳು ತೆಗೆಯದೆ ಒತ್ತಿ ಹಿಡಿದಿದ್ದಾರೆಂದೇ ಮದರ್‌ಬೋರ್ಡ್ ಭಾವಿಸುತ್ತದೆ.

ಬಟನ್ ಒತ್ತಿದಾಗ ಒಳಗೆ ನಡೆಯುವುದೇನು?

ಇಂದಿನ ಬಹುತೇಕ ಡೆಸ್ಕ್‌ಟಾಪ್‌ಗಳು ಇಂಟೆಲ್ ಕಂಪನಿ 1995ರಲ್ಲಿ ರೂಪಿಸಿದ ಎಟಿಎಕ್ಸ್ ಎಂಬ ಮಾನದಂಡವನ್ನು ಅನುಸರಿಸುತ್ತವೆ. ಅದಕ್ಕೂ ಹಿಂದಿನ ಕಂಪ್ಯೂಟರುಗಳಲ್ಲಿ ಮುಂಭಾಗದ ಸ್ವಿಚ್ಚು ಮನೆಯ 230 ವೋಲ್ಟ್ ವಿದ್ಯುತ್ತನ್ನೇ ನೇರವಾಗಿ ಜೋಡಿಸಿ ಬಿಡಿಸುತ್ತಿತ್ತು. ಎಟಿಎಕ್ಸ್ ಬಂದ ಮೇಲೆ ಬಟನ್ ಬರೀ ಸೂಚನೆ ಕೊಡುವ ಸಾಧನವಾಯಿತು. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ಹಸಿರು ಗುಂಡಿಯ ಮೂಲಕ ಮೋಟಾರಿನ ಕರೆಂಟು ಹರಿಯುವುದಿಲ್ಲ. ಗುಂಡಿ ಒಳಗಿನ ಕಾಯಿಲ್ಲಿಗೆ ಸೂಚನೆ ಕೊಡುತ್ತದೆ, ಕಾಯಿಲ್ ದೊಡ್ಡ ಸಂಪರ್ಕವನ್ನು ಎಳೆದು ಹಿಡಿಯುತ್ತದೆ, ಹೊರೆ ಮಿತಿಮೀರಿದರೆ ಟ್ರಿಪ್ ಆಗುತ್ತದೆ. ಕಂಪ್ಯೂಟರಿನಲ್ಲಿ ಆ ದೊಡ್ಡ ಸಂಪರ್ಕದ ಕೆಲಸವನ್ನು ನಮ್ಮಲ್ಲಿ ಎಲ್ಲರೂ ಎಸ್‌ಎಂಪಿಎಸ್ ಎಂದೇ ಕರೆಯುವ ಪವರ್ ಸಪ್ಲೈ ಮಾಡುತ್ತದೆ.

ಹಂತಗಳು ಹೀಗಿವೆ. ಗೋಡೆಯ ಸ್ವಿಚ್ಚು ಹಾಕಿದ ಕೂಡಲೇ, ಕಂಪ್ಯೂಟರ್ ಇನ್ನೂ ಆನ್ ಆಗದಿದ್ದರೂ, ಎಸ್‌ಎಂಪಿಎಸ್ 5 ವೋಲ್ಟಿನ ಒಂದು ಚಿಕ್ಕ ವಿದ್ಯುತ್ ಧಾರೆಯನ್ನು ಮದರ್‌ಬೋರ್ಡಿಗೆ ಸದಾ ಕೊಡುತ್ತಿರುತ್ತದೆ. ಇದಕ್ಕೆ ಸ್ಟ್ಯಾಂಡ್‌ಬೈ ವೋಲ್ಟೇಜ್ ಎಂದು ಹೆಸರು. ಇದರ ಬಲದಿಂದ ಎಚ್ಚರವಾಗಿರುವ ಮದರ್‌ಬೋರ್ಡಿನ ಒಂದು ಪುಟ್ಟ ಭಾಗವು, ಬಟನ್ ಒತ್ತಿದ್ದನ್ನು ಗುರುತಿಸಿ ಪಿಎಸ್ ಆನ್ ಎಂಬ ತಂತಿಯ ವೋಲ್ಟೇಜನ್ನು ಸೊನ್ನೆಗೆ ಇಳಿಸುತ್ತದೆ. ಎಸ್‌ಎಂಪಿಎಸ್‌ಗೆ ಅದೇ ಅಪ್ಪಣೆ. ಅದು 12, 5 ಮತ್ತು 3.3 ವೋಲ್ಟಿನ ಮುಖ್ಯ ಧಾರೆಗಳನ್ನು ತೆರೆಯುತ್ತದೆ. ಅವು ಸ್ಥಿರವಾದ ಮೇಲೆ 100ರಿಂದ 500 ಮಿಲಿಸೆಕೆಂಡುಗಳೊಳಗೆ "ಪವರ್ ಗುಡ್" ಎಂಬ ಮರುಸೂಚನೆ ಕಳಿಸುತ್ತದೆ. ಆಗಷ್ಟೇ ಮದರ್‌ಬೋರ್ಡ್ ಪ್ರೊಸೆಸರನ್ನು ಎಬ್ಬಿಸುತ್ತದೆ. ಪ್ರೊಸೆಸರ್ ಬಯಾಸ್ ಎಂಬ ಮೂಲ ತಂತ್ರಾಂಶವನ್ನು ಓದಿ ರ್ಯಾಮ್, ಗ್ರಾಫಿಕ್ಸ್, ಕೊನೆಗೆ ಡಿಸ್ಕ್ ಹೀಗೆ ಒಂದೊಂದನ್ನೂ ಪರೀಕ್ಷಿಸುತ್ತ ಹೋಗುತ್ತದೆ. ಪರದೆಯ ಮೇಲೆ ಏನಾದರೂ ಕಾಣಬೇಕಾದರೆ ಇಷ್ಟೆಲ್ಲ ನಡೆದಿರಬೇಕು.

ಗೋಡೆಯ ಪ್ಲಗ್ಗಿನಿಂದ ಎಸ್‌ಎಂಪಿಎಸ್‌ವರೆಗೆ

ಹೇಳಲು ಸಂಕೋಚವೆನಿಸುವಷ್ಟು ಸರಳವಾದ ಕಾರಣದಿಂದಲೇ ಶುರುಮಾಡಬೇಕು. ಎಸ್‌ಎಂಪಿಎಸ್‌ನ ಹಿಂಬದಿಯಲ್ಲಿ ಒಂದು ಗೆರೆ ಮತ್ತು ಒಂದು ಸೊನ್ನೆಯ ಗುರುತಿರುವ ಚಿಕ್ಕ ಸ್ವಿಚ್ಚಿರುತ್ತದೆ. ಗೆರೆಯ ಕಡೆ ಒತ್ತಿದ್ದರೆ ಮಾತ್ರ ಅದು ಆನ್. ಹೊಸ ಎಸ್‌ಎಂಪಿಎಸ್‌ಗಳು ಸಾಮಾನ್ಯವಾಗಿ ಸೊನ್ನೆಯ ಕಡೆ ಇಟ್ಟೇ ಪೆಟ್ಟಿಗೆಯೊಳಗೆ ಬರುತ್ತವೆ. ಪವರ್ ಕಾರ್ಡಿನ ಎಸ್‌ಎಂಪಿಎಸ್ ಕಡೆಯ ತುದಿ ನೋಡಲು ಕೂತಂತೆ ಕಂಡರೂ ಪೂರ್ತಿ ಒಳಗೆ ಹೋಗಿರದಿರಬಹುದು. ಹೆಚ್ಚು ವ್ಯಾಟಿನ ಕೆಲವು ಎಸ್‌ಎಂಪಿಎಸ್‌ಗಳ ಜೊತೆ ದಪ್ಪ ಪಿನ್ನುಗಳ 16 ಆಂಪಿಯರ್ ಪ್ಲಗ್ಗು ಬರುತ್ತದೆ. ಅದನ್ನು ಸಾಮಾನ್ಯ 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಲು ಅಗ್ಗದ ಕನ್ವರ್ಟರ್ ಬಳಸಿದರೆ ಸಂಪರ್ಕ ಸಡಿಲವಾಗುವುದು ಮಾತ್ರವಲ್ಲದೆ ಬಿಸಿಯೇರುವ ಅಪಾಯವೂ ಇದೆ. ಪರೀಕ್ಷೆಯ ಹೊತ್ತಿಗೆ ಯುಪಿಎಸ್, ಎಕ್ಸ್‌ಟೆನ್ಶನ್ ಬೋರ್ಡ್ ಎಲ್ಲವನ್ನೂ ಬದಿಗಿಟ್ಟು, ಬೇರೊಂದು ಉಪಕರಣ ನಡೆಯುತ್ತಿರುವ ಗೋಡೆಯ ಸಾಕೆಟ್ಟಿಗೇ ನೇರವಾಗಿ ಸಿಕ್ಕಿಸುವುದು ಒಳ್ಳೆಯದು.

ಈಗ ಬಟನ್ ಒತ್ತುವ ಮೊದಲೇ ಮದರ್‌ಬೋರ್ಡನ್ನು ನೋಡಿ. ಬಹಳಷ್ಟು ಬೋರ್ಡುಗಳಲ್ಲಿ ಸ್ಟ್ಯಾಂಡ್‌ಬೈ ವಿದ್ಯುತ್ತು ಬಂದ ಕೂಡಲೇ ಮೂಲೆಯಲ್ಲೊಂದು ದೀಪವೋ, ಬಣ್ಣದ ಅಲಂಕಾರದ ದೀಪಗಳೋ ಹೊತ್ತಿಕೊಳ್ಳುತ್ತವೆ. ಹೊತ್ತಿದ್ದರೆ ಗೋಡೆಯಿಂದ ಬೋರ್ಡಿನವರೆಗಿನ ದಾರಿ ಹೆಚ್ಚುಕಡಿಮೆ ಸರಿಯಿದೆ ಎಂದೇ ಅರ್ಥ, ಹುಡುಕಾಟವನ್ನು ನೇರವಾಗಿ ಬಟನ್ನಿನ ಕಡೆಗೆ ಒಯ್ಯಬಹುದು. ಎಲ್ಲ ಬೋರ್ಡುಗಳಲ್ಲೂ ಇಂಥ ದೀಪ ಇರುವುದಿಲ್ಲವಾದ್ದರಿಂದ, ಹೊತ್ತದಿದ್ದ ಮಾತ್ರಕ್ಕೆ ವಿದ್ಯುತ್ತಿಲ್ಲವೆಂದು ತೀರ್ಮಾನಿಸುವಂತಿಲ್ಲ.

ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುತ್ತದೆ, ಲೈನ್ ಟೆಸ್ಟರ್ ಇಟ್ಟರೆ ಮಿಣುಕುತ್ತದೆ ಎಂಬ ದೂರು ನಮ್ಮ ಹಳೆಯ ಮನೆಗಳಲ್ಲಿ ಸಾಮಾನ್ಯ. ಎಸ್‌ಎಂಪಿಎಸ್‌ನ ಒಳಗಿರುವ ಫಿಲ್ಟರ್ ಕೆಪಾಸಿಟರುಗಳು ಅತ್ಯಲ್ಪ ಕರೆಂಟನ್ನು ಅರ್ಥಿಂಗ್ ತಂತಿಗೆ ಬಿಡುವಂತೆ ರಚಿತವಾಗಿರುತ್ತವೆ. ಸಾಕೆಟ್ಟಿನ ಅರ್ಥಿಂಗ್ ಎಲ್ಲಿಗೂ ಸೇರಿರದಿದ್ದರೆ ಅದು ಕ್ಯಾಬಿನೆಟ್ಟಿನ ಮೈಮೇಲೆ ಉಳಿಯುತ್ತದೆ. ಕಂಪ್ಯೂಟರ್ ಆನ್ ಆಗದಿರುವುದಕ್ಕೆ ಇದು ನೇರ ಕಾರಣವಲ್ಲ. ಆದರೂ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸರಿಮಾಡಿಸಲೇಬೇಕಾದ ಕೊರತೆ ಇದು.

ಎರಡು ಪಿನ್ನುಗಳ ಪರೀಕ್ಷೆ

ಮದರ್‌ಬೋರ್ಡಿನ ಕೆಳಬಲ ಮೂಲೆಯಲ್ಲಿ ಸಾಮಾನ್ಯವಾಗಿ ಒಂಬತ್ತು ಚಿಕ್ಕ ಪಿನ್ನುಗಳ ಎರಡು ಸಾಲಿರುತ್ತದೆ: ಒಂದರಲ್ಲಿ ಐದು, ಇನ್ನೊಂದರಲ್ಲಿ ನಾಲ್ಕು. ಇದು ಫ್ರಂಟ್ ಪ್ಯಾನೆಲ್ ಹೆಡರ್. ಕ್ಯಾಬಿನೆಟ್ಟಿನಿಂದ ಬರುವ ಪವರ್ ಸ್ವಿಚ್, ರೀಸೆಟ್ ಸ್ವಿಚ್, ಪವರ್ ದೀಪ, ಡಿಸ್ಕ್ ದೀಪ ಈ ನಾಲ್ಕು ತೆಳುವಾದ ತಂತಿಜೋಡಿಗಳು ಇಲ್ಲಿಗೇ ಬರಬೇಕು. ಜಾಗ ಇಕ್ಕಟ್ಟು, ಬೆಳಕು ಕಡಿಮೆ, ಅಕ್ಷರಗಳು ಸಾಸಿವೆಯಷ್ಟು. ಒಂದು ಪಿನ್ನಿನಷ್ಟು ಆಚೀಚೆ ಸಿಕ್ಕಿಸುವುದು ತೀರ ಸುಲಭ. ಅನೇಕ ಬೋರ್ಡುಗಳು ಅನುಸರಿಸುವ ಇಂಟೆಲ್ ವಿನ್ಯಾಸದಲ್ಲಿ ಪವರ್ ಸ್ವಿಚ್ಚಿಗೆ ಮೀಸಲಾದವು 6 ಮತ್ತು 8ನೆಯ ಪಿನ್ನುಗಳು, ಅಂದರೆ ಕೇವಲ ನಾಲ್ಕು ಪಿನ್ನುಗಳಿರುವ ಸಾಲಿನ ಕೊನೆಯ ಎರಡು, ಪಿನ್ ಇಲ್ಲದ ಖಾಲಿ ಜಾಗಕ್ಕೆ ಹತ್ತಿರವಿರುವವು. ಆದರೂ ಮದರ್‌ಬೋರ್ಡಿನ ಕೈಪಿಡಿಯ ಚಿತ್ರವನ್ನೇ ಅಂತಿಮವೆಂದು ನಂಬಬೇಕು. ಸ್ವಿಚ್ಚಿನ ತಂತಿಗೆ ಪ್ಲಸ್-ಮೈನಸ್ ಭೇದವಿಲ್ಲ, ಹೇಗೆ ಸಿಕ್ಕಿಸಿದರೂ ನಡೆಯುತ್ತದೆ. ದೀಪಗಳನ್ನು ತಿರುಗಾಮುರುಗಾ ಹಾಕಿದರೆ ಅವು ಹೊತ್ತುವುದಿಲ್ಲ ಅಷ್ಟೇ, ಯಂತ್ರಕ್ಕೆ ಕೇಡಿಲ್ಲ.

ಕ್ಯಾಬಿನೆಟ್ಟಿನ ಬಟನ್ನೇ ಕೆಟ್ಟಿದೆಯೇ ಎಂದು ತಿಳಿಯಲು ಅದನ್ನು ಲೆಕ್ಕದಿಂದಲೇ ತೆಗೆದುಬಿಡುವುದು ಸುಲಭದ ದಾರಿ. ಪವರ್ ಸ್ವಿಚ್ಚಿನ ತಂತಿಯನ್ನು ಕಳಚಿ, ಗೋಡೆಯ ಸ್ವಿಚ್ ಹಾಕಿ, ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನ ತುದಿಯಿಂದ ಅರೆಕ್ಷಣ ಒಟ್ಟಿಗೆ ಮುಟ್ಟಿ ತೆಗೆಯಬೇಕು. ಇಲ್ಲಿರುವುದು ತೀರ ಕಡಿಮೆ ವೋಲ್ಟೇಜ್, ಕೈಗೆ ಶಾಕ್ ಹೊಡೆಯುವ ಭಯವಿಲ್ಲ. ಆದರೆ ಪಕ್ಕದ ಪಿನ್ನುಗಳಿಗೆ ತಾಗದಂತೆ ಎಚ್ಚರ ವಹಿಸಬೇಕು, ಏಕೆಂದರೆ ಅದೇ ಹೆಡರಿನ ಬೇರೊಂದು ಪಿನ್ನಿನಲ್ಲಿ 5 ವೋಲ್ಟ್ ಇರುತ್ತದೆ. ಹೀಗೆ ಮಾಡಿದಾಗ ಯಂತ್ರ ಎದ್ದರೆ ದೋಷ ಬಟನ್ನಿನದು ಅಥವಾ ಅದರ ತಂತಿಯದು. ಹೊಸ ಬಟನ್ ಸಿಗುವವರೆಗೆ ರೀಸೆಟ್ ಬಟನ್ನಿನ ತಂತಿಯನ್ನು ಪವರ್ ಪಿನ್ನುಗಳಿಗೆ ಸಿಕ್ಕಿಸಿ ಕೆಲಸ ನಡೆಸಬಹುದು. ಎರಡೂ ಒಂದೇ ಬಗೆಯ ಸ್ವಿಚ್ಚುಗಳು.

ದೊಡ್ಡ ಕೇಬಲ್‌ಗಳಲ್ಲಿ ಆಗುವ ತಪ್ಪುಗಳು

ಮದರ್‌ಬೋರ್ಡಿಗೆ ಎಸ್‌ಎಂಪಿಎಸ್‌ನಿಂದ ಕನಿಷ್ಠ ಎರಡು ಕೇಬಲ್‌ಗಳು ಬರಲೇಬೇಕು. ಬೋರ್ಡಿನ ಬಲ ಅಂಚಿಗೆ ಸೇರುವ 24 ಪಿನ್ನಿನದು ಮೊದಲನೆಯದು. ಹೊಸ ಕನೆಕ್ಟರ್ ಬಹಳ ಬಿಗಿಯಾಗಿದ್ದು, ಬೋರ್ಡು ಬಾಗುವುದನ್ನು ಕಂಡು ಹೆದರಿದವರು ಅರ್ಧಕ್ಕೇ ಕೈ ತೆಗೆಯುತ್ತಾರೆ. ಕೊಕ್ಕೆ ಎದುರಿನ ಅಂಚನ್ನು ಕಚ್ಚಿಕೊಂಡಿದೆಯೇ, ಎರಡೂ ಬದಿಯಲ್ಲಿ ಸಮನಾಗಿ ಕೂತಿದೆಯೇ ಎಂದು ಪಕ್ಕದಿಂದ ಬಗ್ಗಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಎರಡನೆಯದು ಪ್ರೊಸೆಸರಿನ ಕೇಬಲ್, ಎಂಟು ಪಿನ್ನಿನದು, ಬೋರ್ಡಿನ ಮೇಲ್ಭಾಗದ ಎಡ ಮೂಲೆಗೆ ಸೇರುವಂಥದ್ದು. ಇದನ್ನು ಮರೆಯುವವರು ಬಹಳ. 24 ಪಿನ್ನಿನ ದಪ್ಪ ಕೇಬಲ್ ಸಿಕ್ಕಿಸಿದ ಮೇಲೆ ಬೋರ್ಡಿಗೆ ಬೇಕಾದ ಕರೆಂಟೆಲ್ಲ ಬಂದಂತೆ ಅನಿಸುವುದು ಸಹಜ. ಆದರೆ ಇಂದಿನ ಪ್ರೊಸೆಸರುಗಳಿಗೆ ಈ ಪ್ರತ್ಯೇಕ 12 ವೋಲ್ಟ್ ಧಾರೆ ಇಲ್ಲದೆ ಜೀವವಿಲ್ಲ. ಇದು ಸಿಕ್ಕಿರದಿದ್ದರೆ ಅನೇಕ ಬೋರ್ಡುಗಳಲ್ಲಿ ಫ್ಯಾನುಗಳು ತಿರುಗಿ ಪರದೆ ಕಪ್ಪಾಗಿಯೇ ಉಳಿಯುತ್ತದೆ, ಕೆಲವು ಬೋರ್ಡುಗಳು ಶುರುವಾಗಿ ಕೂಡಲೇ ನಿಲ್ಲುತ್ತವೆ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಗ್ರಾಫಿಕ್ಸ್ ಕಾರ್ಡಿಗೂ ಎಂಟು ಪಿನ್ನಿನದೇ ಕೇಬಲ್ ಬರುತ್ತದೆ, ನೋಡಲು ಎರಡೂ ಅವಳಿಜವಳಿ. ಪ್ರೊಸೆಸರಿನದು ನಾಲ್ಕು ಮತ್ತು ನಾಲ್ಕಾಗಿ ಇಬ್ಭಾಗವಾಗುತ್ತದೆ, ಗ್ರಾಫಿಕ್ಸ್‌ನದು ಆರು ಮತ್ತು ಎರಡಾಗಿ. ಒಳಗಿನ ವ್ಯವಸ್ಥೆಯೂ ಬೇರೆ: ಮೊದಲನೆಯದರಲ್ಲಿ ನಾಲ್ಕು ತಂತಿಗಳು 12 ವೋಲ್ಟಿನವು, ನಾಲ್ಕು ಗ್ರೌಂಡ್ (ಕರೆಂಟು ಮರಳುವ ತಂತಿಗಳು), ಎರಡನೆಯದರಲ್ಲಿ ಮೂರು 12 ವೋಲ್ಟಿನವು, ಐದು ಗ್ರೌಂಡ್. ಪ್ಲಾಸ್ಟಿಕ್ ಅಚ್ಚಿನ ಆಕಾರ ಬೇರೆಯಾಗಿದ್ದರೂ ಜೋರು ಮಾಡಿದರೆ ತಪ್ಪು ಕೇಬಲ್ ಒಳಗೆ ಹೋಗಿಬಿಡುವುದುಂಟು. ಹಾಗಾದಾಗ 12 ವೋಲ್ಟು ನೇರವಾಗಿ ಗ್ರೌಂಡಿಗೆ ತಾಗುತ್ತದೆ, ಎಸ್‌ಎಂಪಿಎಸ್ ತಕ್ಷಣ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಕೇಬಲ್ ತುದಿಯಲ್ಲಿ ಮುದ್ರಿಸಿರುವ ಸಿಪಿಯು (ಪ್ರೊಸೆಸರಿನದು) ಅಥವಾ ಪಿಸಿಐಇ (ಗ್ರಾಫಿಕ್ಸ್ ಕಾರ್ಡಿನದು) ಎಂಬ ಗುರುತನ್ನು ಓದಿಕೊಂಡೇ ಸಿಕ್ಕಿಸಬೇಕು. ಕೈಗೆ ಗಟ್ಟಿಯಾಗಿ ಎದುರಾದರೆ ಮುಂದಕ್ಕೆ ಒತ್ತಲೇಬಾರದು.

ಮಾಡ್ಯುಲರ್ ಎಸ್‌ಎಂಪಿಎಸ್, ಅಂದರೆ ಕೇಬಲ್‌ಗಳನ್ನು ಎರಡೂ ತುದಿಯಲ್ಲಿ ಕಳಚಬಹುದಾದ ಬಗೆಯದು ನಿಮ್ಮಲ್ಲಿದ್ದರೆ ಇನ್ನೊಂದು ಎಚ್ಚರಿಕೆ ಅಗತ್ಯ. ಕೇಬಲ್ಲಿನ ಮದರ್‌ಬೋರ್ಡ್ ತುದಿಗೆ ಮಾನದಂಡವಿದೆ, ಎಸ್‌ಎಂಪಿಎಸ್ ತುದಿಗೆ ಇಲ್ಲ. ಅಲ್ಲಿ ಯಾವ ಪಿನ್ನಿನಲ್ಲಿ ಯಾವ ವೋಲ್ಟೇಜ್ ಎಂಬುದನ್ನು ಒಂದೊಂದು ಕಂಪನಿಯೂ, ಕೆಲವೊಮ್ಮೆ ಒಂದೇ ಕಂಪನಿಯ ಒಂದೊಂದು ಮಾದರಿಯೂ ತನಗೆ ಬೇಕಾದಂತೆ ನಿರ್ಧರಿಸಿರುತ್ತದೆ. ಹಳೆಯ ಎಸ್‌ಎಂಪಿಎಸ್‌ನ ಕೇಬಲ್ ಹೊಸದಕ್ಕೆ ಸರಿಯಾಗಿ ಕೂತರೂ, 5 ವೋಲ್ಟ್ ಬರಬೇಕಾದಲ್ಲಿ 12 ವೋಲ್ಟ್ ಹರಿದು ಹಾರ್ಡ್ ಡಿಸ್ಕ್ ಸುಟ್ಟುಹೋಗಬಹುದು. ಈ ಲೇಖನದಲ್ಲಿ ಬರುವ ಜೋಡಣೆಯ ತಪ್ಪುಗಳಲ್ಲಿ ಬಹುಪಾಲು ತಿದ್ದಿಕೊಳ್ಳಬಹುದಾದವು, ಇದು ಹಾಗಲ್ಲ.

ಫ್ಯಾನು ಅಲುಗಿ ನಿಂತರೆ

ಎಸ್‌ಎಂಪಿಎಸ್‌ನಲ್ಲಿ ಶಾರ್ಟ್ ಸರ್ಕ್ಯೂಟ್, ಮಿತಿಮೀರಿದ ಕರೆಂಟು, ಮಿತಿಮೀರಿದ ವೋಲ್ಟೇಜ್ ಇವುಗಳ ವಿರುದ್ಧ ರಕ್ಷಣೆ ಇರುತ್ತದೆ. ಒಮ್ಮೆ ಟ್ರಿಪ್ ಆದ ಮೇಲೆ ಹಲವು ಎಸ್‌ಎಂಪಿಎಸ್‌ಗಳು ಬಟನ್ನನ್ನು ಎಷ್ಟು ಸಲ ಒತ್ತಿದರೂ ಏಳುವುದಿಲ್ಲ. ಗೋಡೆಯ ಸ್ವಿಚ್ಚನ್ನು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದರೆ ಮಾತ್ರ ಇನ್ನೊಂದು ಅವಕಾಶ ಕೊಡುತ್ತವೆ. ಮೊದಲ ಸಲ ಫ್ಯಾನು ಅಲುಗಿದ್ದನ್ನು ಗಮನಿಸದವರು ಇದನ್ನು ಪೂರ್ತಿ ಸತ್ತ ಯಂತ್ರವೆಂದು ತಪ್ಪಾಗಿ ಭಾವಿಸುವುದು ಇದರಿಂದಲೇ.

ಶಾರ್ಟ್ ಎಲ್ಲಿಂದ ಬರುತ್ತದೆ? ಕ್ಯಾಬಿನೆಟ್ಟಿನ ಲೋಹದ ತಗಡಿಗೂ ಮದರ್‌ಬೋರ್ಡಿಗೂ ನಡುವೆ ಅಂತರವಿರಲೆಂದು ಸ್ಟ್ಯಾಂಡ್‌ಆಫ್ ಎಂಬ ಹಿತ್ತಾಳೆಯ ಪುಟ್ಟ ಕಂಬಗಳನ್ನು ಮೊದಲು ಬಿಗಿದು, ಅವುಗಳ ಮೇಲೆ ಬೋರ್ಡನ್ನು ಕೂರಿಸಲಾಗುತ್ತದೆ. ಕಂಬಗಳನ್ನೇ ಹಾಕದೆ ಬೋರ್ಡನ್ನು ನೇರವಾಗಿ ತಗಡಿಗೆ ಬಿಗಿದರೆ ಬೆನ್ನಿನ ಬೆಸುಗೆಯ ಬಿಂದುಗಳೆಲ್ಲ ಲೋಹಕ್ಕೆ ತಾಗುತ್ತವೆ. ಇದಕ್ಕಿಂತ ಕಣ್ಣಿಗೆ ಬೀಳದ ತಪ್ಪೆಂದರೆ ಒಂದು ಕಂಬ ಹೆಚ್ಚಾಗಿರುವುದು. ಕ್ಯಾಬಿನೆಟ್ ತಯಾರಕರು ದೊಡ್ಡ ಬೋರ್ಡಿಗೆಂದು ಮೊದಲೇ ಬಿಗಿದಿಟ್ಟ ಕಂಬವು, ನಿಮ್ಮ ಚಿಕ್ಕ ಬೋರ್ಡಿನಲ್ಲಿ ರಂಧ್ರವೇ ಇಲ್ಲದ ಜಾಗದಲ್ಲಿ ಕೆಳಗಿನಿಂದ ಚುಚ್ಚುತ್ತಿರುತ್ತದೆ. ಬೋರ್ಡಿನ ರಂಧ್ರಗಳನ್ನೂ ಕಂಬಗಳನ್ನೂ ಎಣಿಸಿ ತಾಳೆ ನೋಡುವುದೊಂದೇ ಉಪಾಯ. ಕೈತಪ್ಪಿ ಬಿದ್ದ ಸ್ಕ್ರೂ ಬೋರ್ಡಿನ ಹಿಂದೆ ಉರುಳಿಕೊಂಡಿರುವುದು, ಹಿಂಬದಿಯ ಪೋರ್ಟುಗಳ ತೆಳು ತಗಡಿನ ನಾಲಗೆಯೊಂದು ಬಾಗಿ ಯುಎಸ್‌ಬಿ ಅಥವಾ ನೆಟ್‌ವರ್ಕ್ ಪೋರ್ಟಿನೊಳಗೆ ಹೊಕ್ಕಿರುವುದು ಕೂಡ ಇದೇ ಪರಿಣಾಮ ಬೀರುತ್ತವೆ. ಕ್ಯಾಬಿನೆಟ್ಟಿನ ಮುಂಭಾಗದ ಯುಎಸ್‌ಬಿ ಪೋರ್ಟಿನ ಒಳನಾಲಗೆ ಮುರಿದು ಲೋಹಕ್ಕೆ ಲೋಹ ತಾಗುತ್ತಿದ್ದರೂ ಅಷ್ಟೇ. ಅನುಮಾನವಿದ್ದರೆ ಮುಂಭಾಗದ ಯುಎಸ್‌ಬಿ ಕೇಬಲ್ಲುಗಳನ್ನು ಬೋರ್ಡಿನಿಂದ ಕಳಚಿ ಒಮ್ಮೆ ನೋಡಬೇಕು.

ಇವನ್ನೆಲ್ಲ ಒಂದೊಂದಾಗಿ ಹುಡುಕುವ ಬದಲು ಕ್ಯಾಬಿನೆಟ್ಟನ್ನೇ ಪಕ್ಕಕ್ಕಿಡುವ ವಿಧಾನವೊಂದಿದೆ, ಅನುಭವಿಗಳು ಹೆಚ್ಚು ನೆಚ್ಚಿಕೊಳ್ಳುವುದು ಇದನ್ನೇ. ಗೋಡೆಯ ಪ್ಲಗ್ ಕಿತ್ತು, ಉಳಿದ ವಿದ್ಯುತ್ತು ಖಾಲಿಯಾಗಲೆಂದು ಪವರ್ ಬಟನ್ನನ್ನು ಒಮ್ಮೆ ಒತ್ತಿ, ಮದರ್‌ಬೋರ್ಡನ್ನು ಹೊರತೆಗೆದು ಅದು ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಇಡಬೇಕು. ಸ್ಥಿರವಿದ್ಯುತ್ತಿನಿಂದ ಕಾಪಾಡುವ ಹೊಳೆಯುವ ಚೀಲದ ಮೇಲೆ ಇಡಬಾರದು; ಅದರ ಮೈ ತುಸು ಮಟ್ಟಿಗೆ ವಿದ್ಯುತ್ತನ್ನು ಹರಿಯಗೊಡುತ್ತದೆ. ಬೋರ್ಡಿನ ಮೇಲೆ ಪ್ರೊಸೆಸರ್, ಅದರ ಕೂಲರ್ ಮತ್ತು ಒಂದೇ ಒಂದು ರ್ಯಾಮ್ ಮಾತ್ರ ಇರಲಿ. ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರಷ್ಟೇ ಕಾರ್ಡ್ ಸೇರಿಸಿ. ಡಿಸ್ಕ್, ಹೆಚ್ಚುವರಿ ಫ್ಯಾನು, ಅಲಂಕಾರದ ದೀಪ, ಯುಎಸ್‌ಬಿ ಸಾಧನ ಯಾವುದೂ ಬೇಡ. 24 ಪಿನ್ನಿನ ಮತ್ತು ಪ್ರೊಸೆಸರಿನ ಕೇಬಲ್ ಸಿಕ್ಕಿಸಿ, ಮೊದಲು ಹೇಳಿದಂತೆ ಎರಡು ಪಿನ್ನುಗಳನ್ನು ಮುಟ್ಟಿಸಿ. ಈಗ ಎದ್ದರೆ ಬೋರ್ಡು, ಪ್ರೊಸೆಸರ್, ಎಸ್‌ಎಂಪಿಎಸ್ ಮೂರೂ ನಿರಪರಾಧಿಗಳು. ದೋಷ ಕ್ಯಾಬಿನೆಟ್ಟಿನಲ್ಲೋ ಕಳಚಿಟ್ಟ ಭಾಗಗಳಲ್ಲೋ ಇದೆ. ಅವನ್ನು ಒಂದೊಂದಾಗಿ, ಪ್ರತಿ ಸಲವೂ ಪ್ಲಗ್ ಕಿತ್ತು, ಸೇರಿಸುತ್ತ ಹೋಗಬೇಕು. ಎರಡನ್ನು ಒಟ್ಟಿಗೆ ಸೇರಿಸಿದರೆ ಯಾವುದರಿಂದ ನಿಂತಿತೆಂಬುದು ಮತ್ತೆ ಮಸುಕಾಗುತ್ತದೆ.

ಎಲ್ಲ ತಿರುಗುತ್ತಿದೆ, ಪರದೆ ಮಾತ್ರ ಕಪ್ಪು

ಮಾನಿಟರಿನ ಕೇಬಲ್ ಎಲ್ಲಿಗೆ ಸಿಕ್ಕಿದೆ ಎಂಬುದನ್ನು ಮೊದಲು ನೋಡಿ. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಕೇಬಲ್ ಕಾರ್ಡಿಗೇ ಹೋಗಬೇಕು, ಮದರ್‌ಬೋರ್ಡಿನ ಎಚ್‌ಡಿಎಂಐ ಪೋರ್ಟಿಗಲ್ಲ. ಕಾರ್ಡ್ ಇಲ್ಲದೆ ಜೋಡಿಸುತ್ತಿರುವವರು ತಮ್ಮ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು: ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇರುವವುಗಳಲ್ಲಿ ಅದು ಇಲ್ಲ, ಎಎಂಡಿ ಕಂಪನಿಯ ರೈಜೆನ್ 5600ನಂಥವುಗಳಲ್ಲೂ ಇಲ್ಲ, ಕೊನೆಗೆ ಜಿ ಇರುವ 5600ಜಿಯಲ್ಲಿ ಇದೆ.

ರ್ಯಾಮ್ ಎರಡನೆಯ ಶಂಕಿತ. ಅನೇಕ ಹೊಸ ಬೋರ್ಡುಗಳಲ್ಲಿ ಸ್ಲಾಟಿನ ಒಂದೇ ತುದಿಯಲ್ಲಿ ಕೊಕ್ಕೆ ಇರುವುದರಿಂದ, ಕೊಕ್ಕೆಯಿಲ್ಲದ ಕಡೆ ಪೂರ್ತಿ ಇಳಿಯದಿದ್ದರೂ ಗೊತ್ತಾಗುವುದಿಲ್ಲ. ಎರಡೂ ತುದಿಯನ್ನು ಹೆಬ್ಬೆರಳಿನಿಂದ ಟಕ್ಕೆನ್ನುವವರೆಗೆ ಒತ್ತಬೇಕು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಒಂದೇ ರ್ಯಾಮ್ ಇದ್ದರೆ ಅದು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಸ್ಲಾಟಿಗೂ, ಎರಡಿದ್ದರೆ ಎರಡನೆಯ ಮತ್ತು ನಾಲ್ಕನೆಯದಕ್ಕೂ ಹೋಗಬೇಕು. ಡಿಡಿಆರ್5 ಎಂಬ ಹೊಸ ಬಗೆಯ ರ್ಯಾಮ್ ಬಳಸುವ ಯಂತ್ರಗಳಿಗೆ, ಅದರಲ್ಲೂ 2022ರಲ್ಲಿ ಬಂದ ಎಎಂಡಿಯ ಎಎಂ5 (ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು) ಬೋರ್ಡುಗಳಿಗೆ, ಇನ್ನೊಂದು ಮಾತು ಅನ್ವಯಿಸುತ್ತದೆ. ಮೊದಲ ಸಲ ಆನ್ ಆದಾಗ ಬೋರ್ಡ್ ರ್ಯಾಮಿನೊಡನೆ ಸಂಕೇತಗಳ ಸಮಯವನ್ನು ಹೊಂದಿಸಿಕೊಳ್ಳುತ್ತದೆ. ಇದಕ್ಕೆ ಒಂದೆರಡು ನಿಮಿಷದಿಂದ ಹಿಡಿದು, ರ್ಯಾಮ್ ಹೆಚ್ಚಿದ್ದರೆ ಹತ್ತು ನಿಮಿಷದವರೆಗೂ ಬೇಕಾಗಬಹುದು. ಅಷ್ಟು ಹೊತ್ತೂ ಪರದೆ ಕಪ್ಪಾಗಿರುತ್ತದೆ. ಗಾಬರಿಯಿಂದ ಆಫ್ ಮಾಡಿದರೆ ಆ ಕೆಲಸ ಮೊದಲಿನಿಂದ ಶುರುವಾಗುತ್ತದೆ. ಇಲ್ಲಿ ಬೇಕಿರುವುದು ತಾಳ್ಮೆಯಷ್ಟೇ.

ಇಂದಿನ ಅನೇಕ ಬೋರ್ಡುಗಳಲ್ಲಿ ಸಿಪಿಯು, ಡಿರ್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ (ಡಿಸ್ಕ್) ಎಂಬ ಹೆಸರಿನ ನಾಲ್ಕು ಪುಟ್ಟ ದೀಪಗಳಿರುತ್ತವೆ. ಪರೀಕ್ಷೆ ಯಾವ ಹಂತದಲ್ಲಿ ನಿಂತಿದೆಯೋ ಆ ದೀಪ ಹೊತ್ತಿಯೇ ಉಳಿಯುತ್ತದೆ. ಹಳೆಯ ಬೋರ್ಡುಗಳಲ್ಲಿ ಈ ಕೆಲಸವನ್ನು ಬೀಪ್ ಸದ್ದು ಮಾಡುತ್ತಿತ್ತು. ಈಗ ಅದಕ್ಕೆ ಬೇಕಾದ ಸ್ಪೀಕರ್ ಕ್ಯಾಬಿನೆಟ್ಟಿನ ಜೊತೆ ಬರುವುದೇ ಅಪರೂಪ. ಬೂಟ್ ದೀಪ ಹೊತ್ತಿದ್ದರೆ ಯಂತ್ರ ಬಹುತೇಕ ಸರಿಯಿದೆ, ವಿಂಡೋಸ್ ಇನ್ನೂ ಹಾಕಿಲ್ಲ ಎಂಬುದಷ್ಟೇ ಅದರ ದೂರು.

ಸಿಪಿಯು ದೀಪ ಹೊತ್ತಿದ್ದು ಪ್ರೊಸೆಸರಿನ ಕೇಬಲ್ ಸರಿಯಾಗಿದ್ದರೆ, ಬಯಾಸ್ ಹಳತಾಗಿರುವ ಸಾಧ್ಯತೆಯನ್ನು ನೋಡಬೇಕು. ಎಎಂಡಿ ಪ್ರೊಸೆಸರುಗಳಿಗೆಂದು ಇರುವ ಬಿ450 ಚಿಪ್‌ಸೆಟ್ಟಿನ ಬೋರ್ಡುಗಳು ಮಾರುಕಟ್ಟೆಗೆ ಬಂದದ್ದು 2018ರಲ್ಲಿ, ರೈಜೆನ್ 5000 ಸರಣಿ ಬಂದದ್ದು 2020ರ ನವೆಂಬರಿನಲ್ಲಿ. ಹಳೆಯ ಬಯಾಸ್ ಇರುವ ಬೋರ್ಡಿಗೆ ತನ್ನ ನಂತರ ಹುಟ್ಟಿದ ಪ್ರೊಸೆಸರಿನ ಗುರುತೇ ಇರುವುದಿಲ್ಲ. ಸಾಕೆಟ್ ಒಂದೇ ಆದರೂ ಹೀಗಾಗುತ್ತದೆ. ಇಂಟೆಲ್‌ನ 600 ಸರಣಿಯ ಬೋರ್ಡುಗಳಿಗೆ 13 ಅಥವಾ 14ನೆಯ ಪೀಳಿಗೆಯ ಪ್ರೊಸೆಸರ್ ಹಾಕಿದಾಗಲೂ ಇದೇ ಕತೆ. ಬೋರ್ಡಿನ ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ, ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್ ಡ್ರೈವಿಗೆ ತಯಾರಕರ ಜಾಲತಾಣದಿಂದ ಹೊಸ ಬಯಾಸ್ ಹಾಕಿ, ಕೈಪಿಡಿ ಹೇಳುವ ಹೆಸರಿಟ್ಟು, ಪ್ರೊಸೆಸರಿನ ನೆರವಿಲ್ಲದೆಯೇ ಅದನ್ನು ನವೀಕರಿಸಬಹುದು. ಆ ಬಟನ್ ಇಲ್ಲದಿದ್ದರೆ ಹಳೆಯ ಪ್ರೊಸೆಸರ್ ಒಂದನ್ನು ಹಾಕಿ ನವೀಕರಿಸಿಕೊಡುವ ಅಂಗಡಿಗೇ ಒಯ್ಯಬೇಕು.

ಪ್ರೊಸೆಸರನ್ನು ಎತ್ತಿ ನೋಡುವುದು ಕೊನೆಯ ಉಪಾಯವಾಗಿರಲಿ. ಎಎಂಡಿಯ ಹಿಂದಿನ ಸಾಕೆಟ್ಟಾದ ಎಎಂ4ನಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲಿರುತ್ತವೆ. ಥರ್ಮಲ್ ಪೇಸ್ಟ್ ಅಂಟಿಕೊಂಡಿದ್ದರೆ ಕೂಲರ್ ಎತ್ತುವಾಗ ಪ್ರೊಸೆಸರೂ ಜೊತೆಗೇ ಕಿತ್ತುಬಂದು ಪಿನ್ನು ಬಾಗಬಹುದು, ಆದ್ದರಿಂದ ಕೂಲರನ್ನು ಮೊದಲು ಎಡಬಲಕ್ಕೆ ಮೆಲ್ಲಗೆ ತಿರುಗಿಸಿ ಸಡಿಲಿಸಬೇಕು. ಇಂಟೆಲ್ ಬೋರ್ಡುಗಳಲ್ಲಿ ಮತ್ತು ಎಎಂ5ನಲ್ಲಿ ಪಿನ್ನುಗಳು ಸಾಕೆಟ್ಟಿನಲ್ಲೇ ಇರುತ್ತವೆ. ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಸಾಲಿನಲ್ಲಿ ಬಾಗಿದ ಪಿನ್ನೊಂದು ಬೇರೆಯದೇ ಕೋನದಲ್ಲಿ ಮಿನುಗುವುದು ಕಾಣುತ್ತದೆ.

ಎಸ್‌ಎಂಪಿಎಸ್ ಸರಿಯಿದೆಯೇ ಎಂದು ತಿಳಿಯುವುದು

ಗೆಳೆಯರ ಹತ್ತಿರ ಕೆಲಸ ಮಾಡುತ್ತಿರುವ ಎಸ್‌ಎಂಪಿಎಸ್ ಸಿಕ್ಕರೆ ಅದನ್ನು ಅದರದೇ ಕೇಬಲ್‌ಗಳೊಂದಿಗೆ ಹಾಕಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. ಸಿಗದಿದ್ದರೆ ಪೇಪರ್ ಕ್ಲಿಪ್ ಪರೀಕ್ಷೆ ಮಾಡುವವರಿದ್ದಾರೆ. ಎಸ್‌ಎಂಪಿಎಸ್‌ನ್ನು ಎಲ್ಲ ಭಾಗಗಳಿಂದ ಕಳಚಿ, ಪ್ಲಗ್ ಕಿತ್ತಿರುವಾಗಲೇ 24 ಪಿನ್ನಿನ ಕನೆಕ್ಟರಿನ 16ನೆಯ ಪಿನ್ನನ್ನು, ಅಂದರೆ ಬಣ್ಣದ ತಂತಿಗಳಿದ್ದರೆ ಹಸಿರು ತಂತಿಯನ್ನು, ಪಕ್ಕದ ಕಪ್ಪು ತಂತಿಗೆ ಕ್ಲಿಪ್ಪಿನಿಂದ ಜೋಡಿಸಿ, ಆಮೇಲೆ ಪ್ಲಗ್ ಹಾಕಿದರೆ ಅದು ಶುರುವಾಗಬೇಕು. ಹಸಿರು ತಂತಿಯ ಎರಡೂ ಪಕ್ಕದಲ್ಲಿ ಗ್ರೌಂಡೇ ಇರುತ್ತದೆ. ಎಲ್ಲ ತಂತಿಗಳೂ ಕಪ್ಪಾಗಿರುವ ಹೊಸ ಮಾದರಿಗಳಲ್ಲಿ ಚಿತ್ರ ನೋಡದೆ ಊಹೆಯ ಮೇಲೆ ಈ ಕೆಲಸಕ್ಕೆ ಕೈಹಾಕಬಾರದು. ಹೊರೆ ಕಡಿಮೆಯಿದ್ದಾಗ ಫ್ಯಾನನ್ನೇ ತಿರುಗಿಸದ ಎಸ್‌ಎಂಪಿಎಸ್‌ಗಳೂ ಇವೆ. ಆದ್ದರಿಂದ ಒಂದು ಕ್ಯಾಬಿನೆಟ್ ಫ್ಯಾನನ್ನಾದರೂ ಅದಕ್ಕೆ ಜೋಡಿಸಿಟ್ಟು ನೋಡಬೇಕು. ಇಷ್ಟಾಗಿಯೂ ಈ ಪರೀಕ್ಷೆ ಹೇಳುವುದು ಸ್ವಲ್ಪವೇ: ಶುರುವಾಗದಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ, ಶುರುವಾದರೆ ಪೂರ್ತಿ ಹೊರೆಯನ್ನು ತಡೆದುಕೊಳ್ಳುತ್ತದೆಂಬ ಖಾತರಿಯಿಲ್ಲ.

ಮಲ್ಟಿಮೀಟರ್ ಬಳಸಿ ಗೊತ್ತಿರುವವರಿಗೆ ಇನ್ನೂ ಹರಿತವಾದ ದಾರಿಯಿದೆ. ಕನೆಕ್ಟರ್ ಬೋರ್ಡಿನಲ್ಲೇ ಇರಲಿ. ಅದರ ಬೆನ್ನಿನಿಂದ ನೇರಳೆ ತಂತಿಯ 9ನೆಯ ಪಿನ್ನನ್ನು ಮುಟ್ಟಿದರೆ 4.75ರಿಂದ 5.25 ವೋಲ್ಟಿನೊಳಗೆ ತೋರಿಸಬೇಕು. ಆಮೇಲೆ ಹಸಿರು ತಂತಿಯನ್ನು ಮುಟ್ಟಿಕೊಂಡು ಪವರ್ ಬಟನ್ ಒತ್ತಿ. ಅಲ್ಲಿದ್ದ ವೋಲ್ಟೇಜ್ ಸೊನ್ನೆಯ ಹತ್ತಿರಕ್ಕೆ ಇಳಿದರೆ ಬೋರ್ಡ್ ತನ್ನ ಅಪ್ಪಣೆ ಕೊಟ್ಟಿದೆ, ಪಾಲಿಸದಿರುವುದು ಎಸ್‌ಎಂಪಿಎಸ್ ಅಥವಾ ಅದನ್ನು ತಡೆಯುತ್ತಿರುವ ಶಾರ್ಟ್. ಇಳಿಯದೇ ಇದ್ದರೆ ಬಟನ್ ಅಥವಾ ಬೋರ್ಡಿನ ಕಡೆ ನೋಡಬೇಕು.

ಯಾವ ಕಾರಣಕ್ಕೂ ಎಸ್‌ಎಂಪಿಎಸ್‌ನ ಪೆಟ್ಟಿಗೆಯನ್ನು ಬಿಚ್ಚಬಾರದು. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 400 ವೋಲ್ಟಿನವರೆಗೆ ಚಾರ್ಜ್ ಇದ್ದು, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು.

ಅಂಗಡಿಗೆ ಒಯ್ಯುವ ಮುನ್ನ

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಭಾಗಗಳನ್ನು ಕೊಂಡಿದ್ದರೆ, ಬೋರ್ಡು, ಪ್ರೊಸೆಸರ್, ರ್ಯಾಮ್, ಎಸ್‌ಎಂಪಿಎಸ್ ನಾಲ್ಕನ್ನೂ ಒಟ್ಟಿಗೆ ಒಯ್ದು, ಅಂಗಡಿಯವರ ಭಾಗಗಳೊಡನೆ ಒಂದೊಂದನ್ನೇ ಬದಲಿಸಿ ನೋಡಲು ಕೇಳುವುದು ಲೇಸು. ಅನುಮಾನ ಬಂದ ಒಂದನ್ನೇ ಹಿಡಿದುಕೊಂಡು ಹೋದರೆ ಎರಡನೆಯ ಓಡಾಟ ತಪ್ಪದು. ಆನ್‌ಲೈನಿನಲ್ಲಿ ಕೊಂಡವರು ಮರಳಿಸುವ ಅವಧಿ ಮುಗಿಯುವ ದಿನಾಂಕವನ್ನು ಮೊದಲು ನೋಡಿಕೊಳ್ಳಬೇಕು. ಆ ಅವಧಿ ದಾಟಿದರೆ ಅಂಗಡಿಯ ಬದಲಿ ವ್ಯವಸ್ಥೆ ಮುಗಿದು, ತಯಾರಕರ ವಾರಂಟಿ ಕೇಂದ್ರದ ದಾರಿ ಹಿಡಿಯಬೇಕಾಗುತ್ತದೆ, ಅದಕ್ಕೆ ಹೆಚ್ಚು ದಿನ ಬೇಕು.

ಯಾವ ಲಕ್ಷಣ ಕಂಡಿತು, ಯಾವ ದೀಪ ಹೊತ್ತಿತು, ಏನನ್ನೆಲ್ಲ ಬದಲಿಸಿ ನೋಡಿದ್ದಾಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಬಟನ್ ಒತ್ತಿದಾಗಿನ ಚಿಕ್ಕ ವಿಡಿಯೊ ಒಂದನ್ನು ತೆಗೆದಿಡಿ. ಬಾಗಿದ ಪಿನ್ನನ್ನು ಬಹುತೇಕ ಕಂಪನಿಗಳು ಬಳಕೆದಾರರಿಂದ ಆದ ಹಾನಿಯೆಂದು ಪರಿಗಣಿಸಿ ವಾರಂಟಿ ನಿರಾಕರಿಸುವುದರಿಂದ, ಬೋರ್ಡನ್ನು ಕೊಡುವ ಮೊದಲು ಸಾಕೆಟ್ಟಿನ ಸ್ಪಷ್ಟ ಚಿತ್ರ ತೆಗೆದುಕೊಳ್ಳುವುದು ಅಗತ್ಯ. ಸಾಕೆಟ್ಟಿನಲ್ಲೇ ಪಿನ್ನುಗಳಿರುವ ಬೋರ್ಡಾದರೆ, ಕೊಂಡಾಗ ಅದರ ಮೇಲಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಮತ್ತೆ ಹಾಕಿಯೇ ಕಳಿಸಬೇಕು. ಅದಿಲ್ಲದೆ ಬಂದ ಬೋರ್ಡನ್ನು ಸ್ವೀಕರಿಸದ ಸೇವಾ ಕೇಂದ್ರಗಳಿವೆ, ಆದ್ದರಿಂದ ಜೋಡಿಸುವ ದಿನ ಅದನ್ನು ಕಸದ ಜೊತೆ ಎಸೆಯದೆ ಬೋರ್ಡಿನ ಪೆಟ್ಟಿಗೆಯಲ್ಲೇ ಇಟ್ಟಿರಬೇಕು.